ಎರಡೂ ಬದಿಗೆ ಪೂರ್ವ

...ಅಥವಾ ಅದು ಬೆಳಗ್ಗೆಯೇ ಆಗಿರಲಿಲ್ಲವೇನೋ. ಎದುರು ಮನೆ ಆಂಟಿ ಗೇಟಿನ ಬಳಿ ಪೈಪು ಹಿಡಿದು ದಾಸವಾಳಕ್ಕೂ ಸ್ಕೂಟರಿಗೂ ಒಟ್ಟಿಗೇ ನೀರು ಬಿಡುತ್ತಿದ್ದರು, ನಾನು ರಸ್ತೆಯಲ್ಲಿ ನಿಂತು ಅವರತ್ತ ನೋಡುವಾಗ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು ನನ್ನ ನೆನಪು. ಅವರ ಮನೆ ರಸ್ತೆಯ ಪೂರ್ವದ ಬದಿಗಿದೆ. ಹಾಗಾದರೆ ಬೆಳಗ್ಗೆಯೇ ಇರಬೇಕು. ಅಮ್ಮ ಒಪ್ಪುವುದಿಲ್ಲ. "ಅವರು ಯಾವತ್ತು ಕಣೇ ಬೆಳಗ್ಗೆ ಗಿಡಕ್ಕೆ ನೀರು ಹಾಕಿದ್ದು? ಸಂಜೆ ಅದು. ನಾನು ಡಿಕಾಕ್ಷನ್ ಹಾಕ್ತಿದ್ದೆ." ಅಮ್ಮ ಡಿಕಾಕ್ಷನ್ ಹಾಕುವುದು ಬೆಳಗ್ಗೆಯೂ ಉಂಟು, ಸಂಜೆಯೂ ಉಂಟು. ಸಾಕ್ಷಿಯಾಗಿ ಅದು ನಿಲ್ಲುವುದಿಲ್ಲ. ನನ್ನ ಬಿಸಿಲೂ ನಿಲ್ಲುವುದಿಲ್ಲ. ಮುಂದೆ ನಡೆದದ್ದೆಲ್ಲ ಗೊತ್ತಿರುವ ನಾನು, ಕಥೆಗೆ ಬೇಕಾದ ಕಡೆಯಿಂದ ಬಿಸಿಲನ್ನು ತಂದು ಹಾಕಿಕೊಂಡಿರಬಹುದು.

ಮಾತಿನ ಬಗ್ಗೆ ಅಷ್ಟು ಅನುಮಾನವಿಲ್ಲ.

"ಆಂಟಿ, ನಿಮ್ಮನೆ ಬಾಗ್ಲು ಯಾವ ದಿಕ್ಕಿಗಿದೆ?"

"ಈಸ್ಟ್ ಫೇಸಿಂಗ್ ಕಣೇ. ಯಾಕೆ?"

"ನಮ್ದೂ ಈಸ್ಟ್ ಫೇಸಿಂಗು."

"ಒಳ್ಳೇದಾಯ್ತಲ್ಲ."

"ಅಲ್ಲ ಆಂಟಿ, ನಮ್ಮನೆ ನಿಮ್ಮನೆ ಎದುರುಬದುರು."

ಆಂಟಿ ನೀರು ನಿಲ್ಲಿಸಲಿಲ್ಲ. "ಅದಕ್ಕೇನೀಗ?"

ಅದಕ್ಕೇನು ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನಾಗ ಎರಡನೆಯ ಪಿಯುಸಿ ಮುಗಿಸುತ್ತಿದ್ದೆ, ವಿಜ್ಞಾನ. ಜಯನಗರದ ನಮ್ಮ ರಸ್ತೆಯಲ್ಲಿ ವಿಜ್ಞಾನ ಓದಿದ ಮಕ್ಕಳು ಮುಂದೆ ಏನು ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ, ಯಾವ ಕಾಲೇಜು ಎಂದಷ್ಟೇ ಕೇಳುತ್ತಾರೆ. ನನಗೆ ಭೂಗೋಳ ಬೇಕಾಗಿತ್ತು. ಅದೂ ಉತ್ತರದ ಒಂದು ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲೇ ಬೇಕಾಗಿತ್ತು. ಅಲ್ಲಿ ಆ ವಿಷಯಕ್ಕೆ ಬೆರಳೆಣಿಕೆಯ ಸೀಟು, ದೇಶವೆಲ್ಲ ಅರ್ಜಿ. ಯಾಕೆ ಭೂಗೋಳ ಎಂದರೆ ಈಗ ಚೆಂದದ ಉತ್ತರಗಳು ಬರುತ್ತವೆ, ಅವುಗಳನ್ನು ನಾನು ನಂಬುವುದಿಲ್ಲ. ಆಗ ಇದ್ದದ್ದು ಒಂದು ಹಟ.

ಅಮ್ಮ ಒಂದು ಒಪ್ಪಂದಕ್ಕೆ ಬಂದರು. "ಅಲ್ಲಿ ಸಿಕ್ತಾ, ಹೋಗು. ನಾನೇ ರೈಲು ಹತ್ತಿಸ್ತೀನಿ. ಸಿಗ್ಲಿಲ್ವಾ, ಅಂಜನಾಪುರದ ಆಚೆ ಆ ಇಂಜಿನಿಯರಿಂಗ್ ಕಾಲೇಜು, ಕಂಪ್ಯೂಟರ್ ಸೈನ್ಸು, ಬಾಯ್ಮುಚ್ಕೊಂಡು." ಬೇರೆ ಯಾವ ಭೂಗೋಳಕ್ಕೂ ಅರ್ಜಿ ಹಾಕುವಂತಿಲ್ಲ. ನಾನು ಒಪ್ಪಿದೆ. ಒಪ್ಪುವಾಗ ನಗುತ್ತಿದ್ದೆ ಎಂದು ಅಮ್ಮ ಹೇಳುತ್ತಾರೆ. ನಾನು ಅಳುತ್ತಿದ್ದೆ ಎಂದು ನನಗೆ ನೆನಪು. ಎರಡೂ ಇದ್ದಿರಬಹುದು.

ಓದು ಶುರುವಾಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ, ಮನೆಯಲ್ಲಿ ಗಾಳಿ, ಸಾಗರ, ಬಂಡೆ. ಮುಂಗಾರು ಮಾರುತ ಯಾಕೆ ಬೀಸುತ್ತದೆ ಎಂಬ ಪಾಠದಲ್ಲಿ ಮುಳುಗಿದ್ದಾಗ ಅಮ್ಮ ಮಹಡಿಯ ಮೇಲಿನ ಬಟ್ಟೆ ತೆಗೆಯಲು ಕೂಗಿದರು, ನನಗೆ ಕೇಳಿಸಲಿಲ್ಲ, ಮಳೆ ಬಂದು ಬಟ್ಟೆಯೆಲ್ಲ ನೆನೆಯಿತು. ಇದು ತೀರ ಚೆನ್ನಾಗಿ ಕೂತಿದೆ, ಹಾಗಾಗಿ ಅನುಮಾನ. ಪಾಠ ಒಂದು ದಿನದ್ದು, ಒದ್ದೆ ಬಟ್ಟೆ ಇನ್ನೊಂದು ದಿನದ್ದು ಆಗಿರಬೇಕು. ಬೈಗುಳ ಮಾತ್ರ ನಿಜ: "ಮಳೆ ಬಗ್ಗೆ ಓದ್ತಾಳಂತೆ, ಮಳೆ ಬಂದಿದ್ದು ಗೊತ್ತಾಗಲ್ವಂತೆ!"

ನನಗೆ ಪ್ರಶ್ನೆ ಕೇಳಿ ತಯಾರು ಮಾಡುತ್ತಿದ್ದವಳು ನನ್ನ ಗೆಳತಿ. ಧಾರವಾಡದ ಕಡೆಯವಳು; ಅಪ್ಪನ ಕೆಲಸ ಇಲ್ಲಿಗೆ ಬಂದದ್ದರಿಂದ ಬಿಟಿಎಂ ಲೇಔಟಿನ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದರು. ಅವಳಿಗೆ ಭೂಗೋಳದಲ್ಲಿ ಆಸಕ್ತಿ ಇರಲಿಲ್ಲ, ನನ್ನ ತಪ್ಪು ಹಿಡಿಯುವುದರಲ್ಲಿ ವಿಪರೀತ ಆಸಕ್ತಿ. ಮಡಿವಾಳ ಕೆರೆಯ ಬಳಿ ಕಡಲೆಕಾಯಿ ತಿನ್ನುತ್ತ ಪುಸ್ತಕ ನೋಡಿಕೊಂಡು ಕೇಳುತ್ತಿದ್ದಳು. ತಪ್ಪು ಹೇಳಿದರೆ ಒಂದು ಸಿಪ್ಪೆ ನನ್ನ ತಲೆಗೆ. ಸರಿ ಹೇಳಿದರೂ ಒಂದು ಸಿಪ್ಪೆ, "ಭಾಳ ಶಾಣ್ಯಾ ಆಗಬ್ಯಾಡ" ಎಂದು.

ಇನ್ನು ರಸ್ತೆಯವರು. ಭೂಗೋಳದಲ್ಲಿ ಡಿಗ್ರಿ ಎಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ, ಸ್ವಲ್ಪ ಯೋಚಿಸಿ, "ಓ, ಐಎಎಸ್‌ಗಾ?" ಎನ್ನುತ್ತಿದ್ದರು. ನಾನು ಅಲ್ಲ ಎಂದು ವಿವರಿಸುತ್ತಿದ್ದೆ. ತಾತ, ಅಂದರೆ ಅಮ್ಮನ ಅಪ್ಪ, ನಮ್ಮ ಮನೆಯ ಯಜಮಾನರು, ವಿವರಣೆಯ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. ಪಾರ್ಕಿನಲ್ಲಿ ಯಾರು ಕೇಳಿದರೂ "ಹೌದು, ಐಎಎಸ್‌ಗೆ" ಎಂದುಬಿಡುತ್ತಿದ್ದರು. "ಯಾಕೆ ತಾತ ಸುಳ್ಳು ಹೇಳ್ತೀರ?" ಎಂದರೆ, "ನಿಜ ಹೇಳಿದ್ರೆ ವಾಕಿಂಗ್ ಮುಗಿಯಲ್ಲ ಕಣಮ್ಮ" ಎಂದರು. ಕೆಲವೇ ವಾರಗಳಲ್ಲಿ ಪಾರ್ಕಿನ ಅಂಕಲ್‌ಗಳು ನನಗೆ ದಾರಿ ಬಿಡತೊಡಗಿದರು. ಒಬ್ಬರು ತಮ್ಮ ಮನೆಯ ಮುಂದಿನ ಚರಂಡಿಯ ವಿಷಯ ನನ್ನ ಹತ್ತಿರ ಪ್ರಸ್ತಾಪಿಸಿದರು.

ವಿಶ್ವವಿದ್ಯಾಲಯ ಕೇಳಿದ್ದು ಮೂರು: ಒಂದು ಲಿಖಿತ ಪರೀಕ್ಷೆ, ಒಂದು ಸಂದರ್ಶನ, ಅವೆರಡರ ನಡುವೆ ಒಂದು ಪುಟ್ಟ ವರದಿ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ನಡೆದೇ ಉತ್ತರ ಕಂಡುಕೊಳ್ಳಬೇಕಾದ ಒಂದು ಪ್ರಶ್ನೆ ಆರಿಸಿಕೊಳ್ಳಿ. ಕಂಡದ್ದನ್ನು ನಕ್ಷೆಯಲ್ಲಿ ಬರೆಯಿರಿ. ಅಷ್ಟೆ.

ಬಾಗಿಲಿನ ಪ್ರಶ್ನೆ ಯಾರಿಗೆ ಹೊಳೆದದ್ದು ಎಂಬ ಬಗ್ಗೆ ಇವತ್ತಿಗೂ ಜಗಳವಿದೆ. ತನಗೆ ಎಂದು ಗೆಳತಿ. ಅವರ ಫ್ಲ್ಯಾಟನ್ನು ಮಾಲೀಕರು 'ಈಸ್ಟ್ ಫೇಸಿಂಗ್' ಎಂದೇ ಬಾಡಿಗೆಗೆ ಕೊಟ್ಟಿದ್ದರು, ಆದರೆ ಬಾಗಿಲು ತೆರೆದರೆ ಕಾಣುವುದು ಇನ್ನೊಬ್ಬರ ಬಾಗಿಲು. ಅವಳ ಅವ್ವ ಅದಕ್ಕೆ, "ನಮ್ಮ ಮನಿ ಎದುರು ಮನಿ ಚಪ್ಪಲಿ ಸ್ಟ್ಯಾಂಡ್ ಫೇಸಿಂಗ್ ಐತಿ" ಎಂದಿದ್ದರು. ಆ ಮಾತಿನಿಂದಲೇ ಎಲ್ಲ ಶುರುವಾಯಿತು ಎಂದು ಅವಳ ವಾದ. ನನ್ನ ವಾದ ಮೇಲೆ ಬರೆದಿದೆ: ಆಂಟಿ, ಪೈಪು, ಬಿಸಿಲು. ಯಾವುದು ಮೊದಲೋ ಬಿಡಿ. ನಾನು ಆರಿಸಿಕೊಂಡ ಪ್ರಶ್ನೆ ಇದು: ನಮ್ಮ ರಸ್ತೆಯಲ್ಲಿ ಯಾವ ಮನೆಯ ಬಾಗಿಲು ಯಾವ ದಿಕ್ಕಿಗಿದೆ?

ಆಂಟಿ ಆ ದಿನವೇ ನನಗೆ ಮೊದಲ ಪಾಠ ಕಲಿಸಿದ್ದರು.

"ನೀನು ಮನೆ ಒಳಗೆ ಹೋಗ್ವಾಗ ನಿನ್ನ ಮುಖ ಯಾವ ಕಡೆಗಿರುತ್ತೆ?"

"ನಿಮ್ಮನೆಗಾ? ಪೂರ್ವಕ್ಕೆ."

"ಮತ್ತೆ! ಲಕ್ಷ್ಮಿ ಒಳಗೆ ಬರೋದು ಮುಖ್ಯ. ಆಚೆ ಹೋಗೋ ದಿಕ್ಕು ಇಟ್ಕೊಂಡು ಏನ್ ಮಾಡ್ತೀಯ?"

ಇದನ್ನು ತಾತನಿಗೆ ಹೇಳಿದೆ. ತಾತ ಪೇಪರ್ ಕೆಳಗಿಟ್ಟರು. "ಯಾವ ಊರಿನ ಶಾಸ್ತ್ರ ಅದು? ದಿಕ್ಕು ಅಂದ್ರೆ ಒಳಗಿಂದ ಆಚೆ ನೋಡ್ವಾಗಿನ ದಿಕ್ಕು. ಅವರ್ದು ವೆಸ್ಟು. ಸೈಟ್ ತಗೊಂಡಾಗ್ಲೇ ಅವರ ಮಾವನಿಗೆ ನಾನು ಹೇಳಿದ್ದೆ." ಹೀಗೆ ರಸ್ತೆಯ ಒಂದು ಬದಿ ಹೊರಬರುವ ದಿಕ್ಕನ್ನೂ ಇನ್ನೊಂದು ಬದಿ ಒಳಹೋಗುವ ದಿಕ್ಕನ್ನೂ ಲೆಕ್ಕ ಹಿಡಿದು ಅಷ್ಟೂ ವರ್ಷ ಎರಡೂ ಬದಿಯವರು ಪೂರ್ವದಲ್ಲೇ ಇದ್ದರು. ಹಬ್ಬಕ್ಕೆ ಎಳ್ಳುಬೆಲ್ಲ ಕೊಟ್ಟುಕೊಂಡಿದ್ದರು. ಯಾರೂ ಯಾರನ್ನೂ ಕೇಳಿರಲಿಲ್ಲ, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ತಂದದ್ದು ನಾವಿಬ್ಬರು. ಒಂದು ಭಾನುವಾರ ಗೆಳತಿ ಬಿಟಿಎಂನಿಂದ ಬಸ್ಸು ಹಿಡಿದು ಬಂದಳು. ಫೋನಿನ ದಿಕ್ಸೂಚಿ ತೆರೆದುಕೊಂಡು ಮನೆಮನೆಗೆ ಹೊರಟೆವು. ಮೊದಲು ಮನೆಯವರನ್ನು ಕೇಳುವುದು, ಆಮೇಲೆ ಹೊಸಿಲ ಬಳಿ ನಿಂತು ಮುಳ್ಳು ನೋಡುವುದು. ಐಎಎಸ್ ಹುಡುಗಿ ಎಂದು ಎಲ್ಲರೂ ಬಾಗಿಲು ತೆರೆದರು. ಒಬ್ಬ ಅಂಕಲ್ ಮಾತ್ರ ಗ್ರಿಲ್ಲಿನ ಒಳಗಿಂದಲೇ ಕೇಳಿದರು.

"ಪಾಲಿಕೆಯಿಂದ ಬಂದಿದೀರಾ?"

"ಇಲ್ಲ ಅಂಕಲ್, ಓದೋದಕ್ಕೆ. ಬಾಗ್ಲು ಯಾವ ದಿಕ್ಕು ಅಂತ."

"ಗೊತ್ತಾದ್ರೆ ತೆರಿಗೆ ಜಾಸ್ತಿ ಮಾಡ್ತಾರಾ?"

"ಇಲ್ಲ ಅಂಕಲ್."

"ಹಾಗಾದ್ರೆ ಈಸ್ಟು."

"ತೆರಿಗಿ ಜಾಸ್ತಿ ಆಗೂದಿದ್ರ?" ಎಂದು ಗೆಳತಿ ಕೇಳಿದಳು.

"ಆಗ ಯೋಚ್ನೆ ಮಾಡ್ಬೇಕು."

ಮನೆಯವರ ಬಾಯಲ್ಲಿ ನಮ್ಮ ಇಡೀ ರಸ್ತೆಗೆ ಇದ್ದದ್ದು ಪೂರ್ವ, ಅಲ್ಲೊಂದು ಇಲ್ಲೊಂದು ಉತ್ತರ. ಪಶ್ಚಿಮ ಒಂದೂ ಇಲ್ಲ. ದಕ್ಷಿಣ ಎಂಬ ಶಬ್ದವನ್ನೇ ಯಾರೂ ಆಡಲಿಲ್ಲ. ಮೂಲೆ ಮನೆಯ ಅಜ್ಜಿ, ದಕ್ಷಿಣದ ಅಡ್ಡರಸ್ತೆಗೆ ತಿರುಗಿದ ತಮ್ಮ ಬಾಗಿಲನ್ನು ತೋರಿಸಿ, "ಅದು ಆ ಕಡೆ" ಎಂದಷ್ಟೇ ಅಂದರು. ಫೋನು ಬೇರೆಯೇ ಹೇಳಿತು. ಎದುರು ಸಾಲಿಗೆಲ್ಲ ಹೆಚ್ಚುಕಡಿಮೆ ಪಶ್ಚಿಮ. ಆಂಟಿಯ ಹೊಸಿಲಲ್ಲಿ ನಾನು ಫೋನು ಹಿಡಿದಾಗ ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಏನನ್ನುತ್ತೆ?"

"ವೆಸ್ಟು ಅನ್ನುತ್ತೆ ಆಂಟಿ."

"ಸರಿಯಾಗಿ ಹಿಡ್ಕೊಳ್ಳೇ. ಕೈ ನಡುಗ್ತಿದೆ ನಿಂದು."

ಕೈ ನಡುಗುತ್ತಿರಲಿಲ್ಲ. ಅವರು ಫೋನನ್ನು ಕಿತ್ತುಕೊಂಡರು, ಅತ್ತ ಇತ್ತ ತಿರುಗಿದರು, ಚಪ್ಪಲಿ ಗೂಡಿನ ಪಕ್ಕಕ್ಕೆ ಹೋದರು. ಅಲ್ಲಿ ಅವರ ಮಗನ ಹಳೆಯ ಸ್ಪೀಕರ್ ಡಬ್ಬವೊಂದು ಬಿದ್ದಿತ್ತು. ಅದರ ಒಳಗಿನ ಆಯಸ್ಕಾಂತಕ್ಕೆ ಮುಳ್ಳು ಗಿರ್ರನೆ ಸುತ್ತಿ ಇನ್ನೊಂದು ಕಡೆಗೆ ಹೋಗಿ ನಿಂತಿತು.

"ನೋಡ್ದ್ಯಾ! ಈಸ್ಟು!"

"ಆಂಟಿ, ಅದು ಸ್ಪೀಕರಿಂದ..."

"ಎಲ್ಲಿಂದಾದ್ರೂ ಇರ್ಲಿ. ನಿನ್ನ ಫೋನೇ ಹೇಳ್ತಿದೆ, ನಾನಲ್ಲ."

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಆಂಟಿ ಈ ಸಂಗತಿಯನ್ನು ತಮ್ಮ ಸಾಲಿನವರಿಗೆಲ್ಲ ಹೇಳಿದರು. ಮರು ಭಾನುವಾರ, ಅಂಕೆಗಳನ್ನು ಇನ್ನೊಮ್ಮೆ ಪರೀಕ್ಷಿಸಲು ಹೋದಾಗ ರಸ್ತೆ ಬದಲಾಗಿತ್ತು. ಒಬ್ಬರ ಬಾಗಿಲ ಪಕ್ಕಕ್ಕೆ ಸ್ಕೂಟರು ಬಂದು ನಿಂತಿತ್ತು. ಇನ್ನೊಬ್ಬರು ಅಡುಗೆಮನೆಯ ಹಿಂದಿನಿಂದ ಖಾಲಿ ಸಿಲಿಂಡರು ತಂದು ಹೊಸಿಲಿನ ಹತ್ತಿರ ಇಟ್ಟಿದ್ದರು, ಮೇಲೆ ಒಂದು ಮನಿಪ್ಲಾಂಟ್ ಕೂರಿಸಿ. ಗ್ರಿಲ್ಲಿನ ಅಂಕಲ್ ಕೋಣೆಯಲ್ಲಿದ್ದ ಕಬ್ಬಿಣದ ಬೀರುವನ್ನೇ ಬಾಗಿಲ ಪಕ್ಕಕ್ಕೆ ಜರುಗಿಸಿದ್ದರು, ಬೆವರಿದ್ದರು. "ಈಗ ನೋಡಮ್ಮ," ಎಂದರು. ಮುಳ್ಳು ಅಲ್ಲಾಡಿತು. ಪೂರ್ವ ಬರಲಿಲ್ಲ, ವಾಯವ್ಯ ಬಂತು. "ಪರ್ವಾಗಿಲ್ಲ, ದಾರೀಲಿದೆ," ಎಂದರು.

ಗೆಳತಿ ಗೇಟಿನ ಆಚೆ ಹೋಗಿ ನಕ್ಕು ಬಂದಳು. ಬೀರುವಿನ ಮಾತು ಅವಳೂ ಹೀಗೇ ಹೇಳುತ್ತಾಳೆ, ಆದ್ದರಿಂದ ಅದನ್ನು ನಾನು ಕಟ್ಟಿಲ್ಲ ಎಂಬ ಧೈರ್ಯ. ಸಿಲಿಂಡರಿನ ಮೇಲಿನ ಮನಿಪ್ಲಾಂಟ್ ಬಗ್ಗೆ ಅವಳು ಏನೂ ಹೇಳುವುದಿಲ್ಲ.

ಕಷ್ಟ ನಮ್ಮ ಮನೆಯದಾಗಿತ್ತು. ನಮ್ಮ ಹೊಸಿಲಲ್ಲಿ ಸ್ಕೂಟರಿಲ್ಲ, ಸಿಲಿಂಡರಿಲ್ಲ. ರಸ್ತೆಯೇ ಸ್ವಲ್ಪ ಓರೆ. ಫೋನು ಪೂರ್ವವನ್ನು ದಾಟಿ ಆಗ್ನೇಯದ ಕಡೆಗೆ ಹೋಗಿ ನಿಂತಿತು. ತಾತ ಕನ್ನಡಕ ಹಾಕಿಕೊಂಡು ನೋಡಿದರು.

"ಈ ಫೋನು ಎಲ್ಲಿ ತಯಾರಾಗಿದ್ದು?"

"ಚೈನಾದಲ್ಲಿ."

"ಅಲ್ಲಿಂದ ನೋಡಿದ್ರೆ ಹಂಗೇ ಕಾಣುತ್ತೆ."

ವರದಿ ಬರೆಯಲು ಕೂತಾಗ ನಿಜವಾದ ಪ್ರಶ್ನೆ ಎದುರಾಯಿತು. ಎರಡು ಭಾನುವಾರದ ಎರಡು ಉತ್ತರಗಳು, ಒಂದಕ್ಕೊಂದು ತಾಳೆ ಇಲ್ಲ. ಇಂಥ ವರದಿ ಕಳಿಸಿದರೆ ಸೀಟು ಸಿಗುತ್ತದೆಯೇ? ಸಿಗದಿದ್ದರೆ ಅಂಜನಾಪುರದ ಆಚೆ, ಬಾಯಿ ಮುಚ್ಚಿಕೊಂಡು.

"ಮೊದಲನೇ ಭಾನುವಾರದ್ದು ಬರಿ, ಎರಡನೇದು ಮರತು ಬಿಡ. ಅವರೇನ ನೋಡಾಕ ಬರತಾರೇನ?" ಎಂದಳು ಗೆಳತಿ.

"ಎರಡನೇದೇ ಚೆನ್ನಾಗಿರೋದು."

"ಛಲೋ ಐತಿ ಅಂತ ಸೀಟ್ ಕೊಡತಾರ? ಹುಚ್ಚಿ."

ನಾನು ನಕ್ಷೆಯಲ್ಲಿ ಪ್ರತಿ ಮನೆಗೂ ಮೂರು ಬಾಣ ಹಾಕಿದೆ. ಮನೆಯವರು ಹೇಳಿದ್ದಕ್ಕೆ ಕೆಂಪು, ಮೊದಲ ಸಲದ ದಿಕ್ಸೂಚಿಗೆ ನೀಲಿ, ಸ್ಕೂಟರು ಬೀರುಗಳ ಆಮೇಲಿನದಕ್ಕೆ ಹಸಿರು. ರಸ್ತೆ ಹೆದರಿದ ಹಕ್ಕಿಗಳ ಹಿಂಡಿನಂತೆ ಕಾಣುತ್ತಿತ್ತು. ಒಂದು ಮನೆಗೆ ಮಾತ್ರ ಕೆಂಪು ಬಾಣವಷ್ಟೇ ಇತ್ತು. ನಮ್ಮದು. ನಾನು ಬರೆಯುತ್ತಿದ್ದಾಗ ತಾತ ಪಕ್ಕದಲ್ಲೇ ಕೂತು ಉದ್ದಿನ ವಡೆ ತಿನ್ನುತ್ತಿದ್ದರು. ನೀಲಿ ಪೆನ್ನು ಎತ್ತಿದೊಡನೆ ಅವರ ಬಾಯಿ ನಿಲ್ಲುತ್ತಿತ್ತು.

ಲಿಖಿತ ಪರೀಕ್ಷೆ ಆಯಿತು. ಹೇಗಾಯಿತು ಎಂದು ಹೇಳಲಾರೆ. ಸಾಗರದ ಪ್ರವಾಹಗಳ ಪ್ರಶ್ನೆಗೆ ತಣ್ಣನೆಯದನ್ನೂ ಬೆಚ್ಚನೆಯದನ್ನೂ ಅದಲುಬದಲು ಮಾಡಿದೆ ಎಂದು ಮನೆಗೆ ಬರುವ ದಾರಿಯಲ್ಲಿ ಗೊತ್ತಾಯಿತು. ಆಮೇಲೆ ಸಂದರ್ಶನಕ್ಕೆ ಕರೆ ಬಂತು, ಆನ್‌ಲೈನಿನಲ್ಲಿ.

ಆ ದಿನದ ಏರ್ಪಾಟುಗಳನ್ನು ಅಮ್ಮ ಮಾಡಿದರು. ಲ್ಯಾಪ್‌ಟಾಪು ಡೈನಿಂಗ್ ಟೇಬಲಿನ ಮೇಲೆ. ಮಿಕ್ಸಿ ಬಂದ್. ಎದುರು ಮನೆ ಆಂಟಿ ತಾವಾಗಿಯೇ ಟಿವಿ ಆರಿಸಿ, ತಮ್ಮ ಸಾಲಿನವರಿಗೂ ಹೇಳಿ ಕಳಿಸಿದ್ದರು. ತಾತ ಕ್ಯಾಮೆರಾಗೆ ಕಾಣದ ಹಾಗೆ ಟೇಬಲಿನ ತುದಿಯಲ್ಲಿ ಕೂರುವುದು, ಉಸಿರಾಡುವುದು ಬಿಟ್ಟು ಬೇರೇನೂ ಮಾಡಬಾರದು ಎಂದು ತೀರ್ಮಾನವಾಯಿತು.

ಪರದೆಯ ಮೇಲೆ ಇಬ್ಬರು ಬಂದರು: ಒಬ್ಬ ಮೇಷ್ಟ್ರು, ಒಬ್ಬ ಮೇಡಂ. ಮಾತೆಲ್ಲ ಇಂಗ್ಲಿಷಿನಲ್ಲಿ. ಮೊದಲ ಪ್ರಶ್ನೆಗಳು ನನಗೆ ನೆನಪಿಲ್ಲ, ಉತ್ತರಿಸಿದೆ ಎಂಬುದಷ್ಟೇ ನೆನಪು. ಆಮೇಲೆ ಮೇಡಂ ನನ್ನ ನಕ್ಷೆಯನ್ನು ಎತ್ತಿ ಹಿಡಿದರು.

"ನಿಮ್ಮ ರಸ್ತೆಯಲ್ಲಿ ಎರಡೂ ಬದಿ ಪೂರ್ವಕ್ಕಿದೆಯಲ್ಲ?"

ನಾನು ಒಳಹೋಗುವುದು, ಹೊರಬರುವುದು ಎಲ್ಲ ವಿವರಿಸಿದೆ. ಸ್ಪೀಕರು, ಸಿಲಿಂಡರು ಹೇಳಿದೆ. ಮೇಷ್ಟ್ರ ತುಟಿ ಅಲ್ಲಾಡಿತು. ನಗುವೋ, ಅವರ ನೆಟ್ಟಿನ ತೊಂದರೆಯೋ ತಿಳಿಯಲಿಲ್ಲ.

"ಈ ಒಂದು ಮನೆಗೆ ನೀಲಿಯೂ ಇಲ್ಲ, ಹಸಿರೂ ಇಲ್ಲ," ಎಂದರು ಮೇಡಂ. "ಅಳೆಯಲು ಬಿಡಲಿಲ್ಲವೇ?"

"ಅದು ನಮ್ಮ ಮನೆ."

"ಹಾಗಾದರೆ ಈಗ ಹೇಳಿ. ಯಾವ ದಿಕ್ಕು?"

ನಾನು ಬಾಯಿ ತೆರೆದೆ. ಟೇಬಲಿನ ತುದಿಯಿಂದ ಪಿಸುಮಾತು ಬಂತು, ತಾತನ ಪಿಸುಮಾತು ಎಂದರೆ ಅಡುಗೆಮನೆಗೆ ಕೇಳುವಷ್ಟು. "ಈಸ್ಟ್ ಅನ್ನು. ಈಸ್ಟ್!"

"ಅಲ್ಲಿ ಯಾರಿದ್ದಾರೆ?" ಎಂದರು ಮೇಷ್ಟ್ರು.

ನಾನು ಏನಾದರೂ ಹೇಳುವ ಮೊದಲೇ ತಾತ ಕುರ್ಚಿ ಎಳೆದುಕೊಂಡು ಪರದೆಯೊಳಗೆ ಬಂದರು. ಕೈ ಮುಗಿದರು. ಆಫೀಸಿನ ಇಂಗ್ಲಿಷಿನಲ್ಲಿ, ತಾವು ಹುಡುಗಿಯ ತಾತನೆಂದೂ, ಮನೆ ಪೂರ್ವಾಭಿಮುಖವಾಗಿದೆಯೆಂದೂ, ಸೂರ್ಯ ಪ್ರತಿದಿನ ಪೂರ್ವದಲ್ಲೇ ಹುಟ್ಟುತ್ತಾನೆಂದೂ, ಅವರ ವಿಶ್ವವಿದ್ಯಾಲಯದಲ್ಲಿಯೂ ಹಾಗೆಯೇ ಇರಬೇಕೆಂದೂ ತಿಳಿಸಿದರು.

ಇಲ್ಲಿ ನನ್ನ ಬಾಯಿ ನಿಲ್ಲಬೇಕಾಗಿತ್ತು. ತಿಂಗಳುಗಟ್ಟಲೆ ಓದಿದ್ದು ಒಳಗೆ ತುಂಬಿಕೊಂಡಿತ್ತು.

"ಪ್ರತಿದಿನ ಇಲ್ಲ ತಾತ. ಸರಿಯಾಗಿ ಪೂರ್ವದಲ್ಲಿ ಹುಟ್ಟೋದು ವರ್ಷಕ್ಕೆ ಎರಡೇ ಸಲ. ಈಗ ಉತ್ತರಕ್ಕೆ ಸರಿದಿರ್ತಾನೆ."

"ಸುಮ್ನಿರೇ," ಎಂದರು ತಾತ ನನ್ನ ಕಡೆ ತಿರುಗಿ. "ಇಂಟರ್ವ್ಯೂ ನಡೀತಿದೆ."

ಅಡುಗೆಮನೆಯಲ್ಲಿ ಏನೋ ಬಿತ್ತು. ಅಮ್ಮನ ಕೈಯಿಂದ ಇರಬೇಕು. ಮೇಡಂಗೆ ಕನ್ನಡ ಗೊತ್ತಿರಲಿಲ್ಲ, ಆದರೂ ನಕ್ಕರು. ಮೇಷ್ಟ್ರೂ ಬಾಯಿ ತೆರೆದರು, ಅಷ್ಟರಲ್ಲಿ ಚಿತ್ರ ನಿಂತುಬಿಟ್ಟಿತು. ನೆಟ್ಟು ಹೋಗಿತ್ತು. ಮೇಡಂ ಕಣ್ಣು ಮುಚ್ಚಿ ನಗುತ್ತ, ಮೇಷ್ಟ್ರು ಬಾಯಿ ತೆರೆದು, ಇಬ್ಬರೂ ಹಾಗೆಯೇ ಉಳಿದರು. ತಾತ ಮತ್ತು ನಾನು ಪಕ್ಕಪಕ್ಕ ಕೂತು ಆ ಎರಡು ಮುಖಗಳನ್ನು ನೋಡುತ್ತಿದ್ದೆವು.

"ನಗ್ತಿದಾರಾ, ಬೈತಿದಾರಾ?" ಎಂದು ತಾತ ಕೇಳಿದರು.

"ಗೊತ್ತಾಗ್ತಿಲ್ಲ ತಾತ."

"ನನ್ನಿಂದ ಏನಾದ್ರೂ ಕೆಟ್ಟಿತಾ?"

ಅವರ ದನಿ ಮೊದಲ ಬಾರಿಗೆ ನಿಜವಾಗಿಯೂ ಪಿಸುಮಾತಾಗಿತ್ತು. ನಾನು ಇಲ್ಲ ಎಂದೆ. ಹಾಗೆ ಅಂದೆನೋ, ಸುಮ್ಮನಿದ್ದೆನೋ. ಅಂದಿದ್ದರೆ ಒಳ್ಳೆಯದಿತ್ತು.

ಸಂಪರ್ಕ ಮರಳಿ ಬಂದಾಗ ಮೇಡಂ ಒಬ್ಬರೇ ಇದ್ದರು. ಧನ್ಯವಾದ, ನಮ್ಮ ಪ್ರಶ್ನೆಗಳು ಮುಗಿದವು ಎಂದರು. ನಮ್ಮ ಬಾಗಿಲಿನ ದಿಕ್ಕನ್ನು ನಾನು ಹೇಳಲೇ ಇಲ್ಲ, ಅವರು ಮತ್ತೆ ಕೇಳಲೂ ಇಲ್ಲ.

ಮುಂದಿನ ವಾರಗಳಲ್ಲಿ ಅಮ್ಮ ಅಂಜನಾಪುರದ ಬಸ್ಸುಗಳ ವೇಳೆ ವಿಚಾರಿಸತೊಡಗಿದರು. ನನಗೆ ಕೇಳಿಸುವ ಹಾಗೆ ಅಲ್ಲ, ಆದರೆ ಕೇಳಿಸುತ್ತಿತ್ತು. ತಾತ ಪಾರ್ಕಿಗೆ ಹೋಗುವುದನ್ನು ಕೆಲವು ದಿನ ನಿಲ್ಲಿಸಿದರು; ಮಂಡಿ ನೋವು ಎಂದರು.

ಸೀಟು ಸಿಕ್ಕಿತು.

ಯಾಕೆ ಸಿಕ್ಕಿತು ಎಂಬುದಕ್ಕೆ ಎಲ್ಲರ ಹತ್ತಿರವೂ ಉತ್ತರವಿದೆ. ಅಮ್ಮನ ಪ್ರಕಾರ ನಾನು ಚೆನ್ನಾಗಿ ಓದಿದ್ದರಿಂದ. ಬಟ್ಟೆ ನೆನೆದದ್ದನ್ನು ಅವರು ಈಗ ಹೆಮ್ಮೆಯಿಂದ ಹೇಳುತ್ತಾರೆ. ಎದುರು ಮನೆ ಆಂಟಿಯ ಪ್ರಕಾರ ಅವರು ಟಿವಿ ಆರಿಸಿದ್ದರಿಂದ. ಗೆಳತಿಯ ಪ್ರಕಾರ ಸೀಟು ಸಿಕ್ಕಿದ್ದು ನನಗಲ್ಲ: "ತಾತಾಗ ಸಿಕ್ಕಿದ್ದಲೇ ಅದು. ಅವರಿಗೆ ಹಾಸ್ಟೆಲ್ ಊಟ ಸೇರಂಗಿಲ್ಲಂತ ನಿನ್ನ ಕಳಿಸ್ಯಾರ." ಮರುದಿನ ಬೆಳಗ್ಗೆ ತಾತನ ಮಂಡಿ ನೋವು ಹೋಗಿತ್ತು, ಪಾರ್ಕಿನಲ್ಲಿದ್ದರು.

ಎರಡನೆಯ ವರ್ಷದಲ್ಲಿ ಆ ಮೇಡಂ ನಮಗೆ ನಕ್ಷಾಶಾಸ್ತ್ರ ಪಾಠ ಮಾಡಲು ಬಂದರು. ಒಂದು ದಿನ ಕ್ಲಾಸು ಮುಗಿದ ಮೇಲೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ನನ್ನ ಸಂದರ್ಶನದ ದಿನ ನನ್ನ ತಾತ ಮಧ್ಯೆ ಬಂದರಲ್ಲ, ಅದು ನಿಮಗೆ ತಪ್ಪು ಅನಿಸಲಿಲ್ಲವೇ ಎಂದೆ. ಅವರು ನನ್ನನ್ನು ನೋಡಿದರು. ಪ್ರಾಮಾಣಿಕವಾಗಿ ಯೋಚಿಸಿದರು, ಅದು ಮುಖದಲ್ಲಿ ಕಾಣುತ್ತಿತ್ತು. ಆ ವರ್ಷ ಬಹಳ ಜನರನ್ನು ಮಾತಾಡಿಸಿದ್ದೆವು, ಎಷ್ಟೋ ಮನೆಗಳಲ್ಲಿ ಯಾರು ಯಾರೋ ಮಧ್ಯೆ ಬಂದಿದ್ದರು ಎಂದರು. "ನಿಮ್ಮ ತಾತನ ನೆನಪು ನನಗಿಲ್ಲ. ಇರಬೇಕಾಗಿತ್ತು ಅನಿಸುತ್ತದೆ."

ಮೇಷ್ಟ್ರನ್ನು ಕೇಳೋಣವೆಂದರೆ ಅವರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು. ಪರೀಕ್ಷೆಯಲ್ಲಿ ಎಷ್ಟು ಬಂತು, ವರದಿಗೆ ಎಷ್ಟು, ಆ ನಗುವಿಗೆ ಎಷ್ಟು ಎಂದು ವಿಶ್ವವಿದ್ಯಾಲಯ ಯಾರಿಗೂ ಬಿಡಿಸಿ ಹೇಳುವುದಿಲ್ಲ. ನಾನು ತಾತನಿಗೆ ಫೋನ್ ಮಾಡಿ, ಮೇಡಂಗೆ ನೀವು ಚೆನ್ನಾಗಿ ನೆನಪಿದ್ದೀರಂತೆ ಎಂದು ಹೇಳಿದೆ. ಅವರು ತುಂಬ ಹೊತ್ತು ಮಾತಾಡಿದರು.

ನನಗೆ ಆ ಸೀಟು ಯಾಕೆ ಸಿಕ್ಕಿತೆಂದು ನನಗೆ ಗೊತ್ತಿಲ್ಲ.